ಪರರ ಗೆಲುವಿನ ಮೇಲಣ ಪಣವೂ ಕಾಯಕವೂ

ಪಂದ್ಯವೊಂದರ ಫಲವನ್ನು ಮೊದಲೇ ಊಹಿಸಿ ಹೇಳುವುದರಲ್ಲಿ ದೋಷವೇನೂ ಇಲ್ಲ. ಮೋಡವನ್ನು ನೋಡಿ ಮಳೆಯನ್ನು ಹೇಳುವ ಒಕ್ಕಲಿಗನೂ ಊಹಿಸುವವನೇ. ಆದರೆ ಊಹೆಗೆ ಬೆಲೆಗಟ್ಟಿ ಕೊಂಡು ಮಾರುವ ಪೇಟೆಯೇ ಈಗ ಹುಟ್ಟಿಕೊಂಡಿರುವುದರಿಂದ, ಅಲ್ಲಿಂದ ಬಂದ ಹಣ ಕಾಯಕದ ಹಣವೆ ಎಂಬುದನ್ನು ಗೃಹಸ್ಥರಾದ ಶರಣಬಂಧುಗಳು ವಿಚಾರಿಸಲೇಬೇಕಾಗಿದೆ.

ಗಣಕಯಂತ್ರದ ಮೇಲೆ ತರುಣರ ತಂಡಗಳು ಆಡುವ ಪಂದ್ಯಗಳಿಗೆ ಇ-ಕ್ರೀಡೆಯೆಂದು ಹೆಸರು. 'ಈ ತಂಡ ಗೆಲ್ಲುವುದೆ?' ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡು ಬಗೆಯ ಚೀಟಿಗಳು. ಅಮೆರಿಕದ ಕಾಲ್ಷಿ, ಪಾಲಿಮಾರ್ಕೆಟ್ ಎಂಬ ಪೇಟೆಗಳಲ್ಲಿ ಹೌದೆಂಬ ಚೀಟಿಯನ್ನು 60 ಸೆಂಟಿಗೆ ಕೊಂಡವನಿಗೆ, ತಂಡ ಗೆದ್ದರೆ ಒಂದು ಡಾಲರು ಬರುತ್ತದೆ. ಸೋತರೆ ಏನೂ ಇಲ್ಲ. ಗೆಲುವಿನ ಸಂಭವ ನೂರಕ್ಕೆ 60 ಎಂಬ ಜನಾಭಿಪ್ರಾಯವನ್ನೇ ಆ ಬೆಲೆ ಸೂಚಿಸುವುದಂತೆ. 1988ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಚುನಾವಣೆಯ ಫಲವನ್ನರಿಯಲು ಇಂತಹ ಪೇಟೆಯನ್ನು ನಡೆಸಿದರು. ಆದುದರಿಂದ ಇದು ಜೂಜಲ್ಲ, ಜ್ಞಾನಸಾಧನ ಎಂಬುದು ಪೂರ್ವಪಕ್ಷ.

ಈ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಕೋಟ್ಯಂತರ ಮತದಾರರ ಚುನಾವಣೆಯನ್ನು ಒಬ್ಬಿಬ್ಬರು ತಿರುಗಿಸಲಾರರು. ಆದರೆ ಪ್ರಾಂತವೊಂದರ ಚಿಕ್ಕ ಪಂದ್ಯದ ಫಲ ಹತ್ತು ಮಂದಿ ಹುಡುಗರ ಕೈಯಲ್ಲಿದೆ. ಅಲ್ಲಿ ಬೆಲೆಯು ಜ್ಞಾನವನ್ನು ತೋರಿಸುವುದಕ್ಕೆ ಮೊದಲೇ ಆಟಗಾರನಿಗೆ ಆಮಿಷವನ್ನು ತೋರಿಸುತ್ತದೆ. ಗೆದ್ದು ಪಡೆಯುವ ಬಹುಮಾನಕ್ಕಿಂತ ಸೋತು ಪಡೆಯುವ ಲಾಭವೇ ಹೆಚ್ಚಾಗಬಹುದು. ಜಡವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಹೂಡಿ ಪಣವಿಡುವುದು ಸಮಾಹ್ವಯ ಎಂದು ಮನುಸ್ಮೃತಿಯ 9ನೆಯ ಅಧ್ಯಾಯದಲ್ಲಿ ಭೇದ ಹೇಳಿದೆ. ದಾಳಕ್ಕೆ ಆಸೆಯಿಲ್ಲ, ಕೋಳಿಗೆ ಹಣದ ಅರಿವಿಲ್ಲ. ಇಲ್ಲಿಯೋ ಹೂಡಲ್ಪಟ್ಟವರು ಮನುಷ್ಯರು.

2014ರ ಆಗಸ್ಟ್‌ನಲ್ಲಿ ಉತ್ತರ ಅಮೆರಿಕದ ಕೌಂಟರ್-ಸ್ಟ್ರೈಕ್ ಪಂದ್ಯವೊಂದರಲ್ಲಿ ಇದು ನಡೆದೇ ಹೋಯಿತು. ಗೆಲ್ಲುವುದೆಂದು ನಂಬಲಾಗಿದ್ದ ಐಬೈಪವರ್ ತಂಡ ನೆಟ್‌ಕೋಡ್‌ಗೈಡ್ಸ್ ತಂಡಕ್ಕೆ ಬೇಕೆಂದೇ ಸೋತಿತು. ಪಣವಾಗಿ ಇಟ್ಟದ್ದು ನಾಣ್ಯವೂ ಅಲ್ಲ. ಆಟದೊಳಗಿನ ಆಯುಧಗಳ ಬಣ್ಣದ ಹೊದಿಕೆಗಳು! ಅವನ್ನು ಹಣಕ್ಕೆ ಮಾರಬಹುದಾಗಿತ್ತು. 2015ರ ಜನವರಿಯಲ್ಲಿ ಆಟದ ಒಡೆತನವುಳ್ಳ ವಾಲ್ವ್ ಸಂಸ್ಥೆಯವರು ಏಳು ಮಂದಿಯನ್ನು ತಮ್ಮ ಪಂದ್ಯಗಳಿಂದ ಹೊರಹಾಕಿದರು. ಅದು ಊಹೆಯ ಪೇಟೆಯಲ್ಲ, ಬರಿಯ ಪಣದ ಕಟ್ಟೆ ಎನ್ನಬಹುದು. ಆಮಿಷ ಬರುವ ದಾರಿ ಮಾತ್ರ ಒಂದೇ.

'ಯಾರೂ ಕದಿಯಲಿಲ್ಲ, ಎಲ್ಲರೂ ಒಪ್ಪಿಯೇ ಹಣವಿಟ್ಟರು. ಆಟಗಾರರ ಬಲಾಬಲವನ್ನು ಅಭ್ಯಸಿಸಿದ ನನ್ನ ಶ್ರಮ ಕಾಯಕವಲ್ಲವೆ, ಅಪ್ಪಾ?' ಎಂದು ಓದಿದ ಮಗ ಕೇಳಿದರೆ ಏನು ಹೇಳೋಣ? ಶ್ರಮವುಂಟು, ಒಪ್ಪತಕ್ಕದ್ದೇ. ಆದರೆ ನೇಕಾರನ ಶ್ರಮದಿಂದ ಒಂದು ಸೀರೆಯಾಗುತ್ತದೆ; ಕೊಂಡವಳೂ ಉಟ್ಟು ಸಂತೋಷಪಡುತ್ತಾಳೆ. ಇಲ್ಲಿ ಒಬ್ಬನ ಲಾಭವೆಂದರೆ ಇನ್ನೊಬ್ಬನ ನಷ್ಟ, ಅದರಲ್ಲಿಯೂ ಪೇಟೆಯವರ ದಲಾಲಿ ಕಳೆದು. ಆಯ್ದಕ್ಕಿ ಮಾರಯ್ಯನವರು ತಂದುದು ನೆಲಕ್ಕೆ ಬಿದ್ದ ಅಕ್ಕಿಯನ್ನು, ಕದ್ದುದನ್ನಲ್ಲ. ಆದರೂ ಒಂದು ದಿನ ಅಗತ್ಯಕ್ಕೆ ಮೀರಿ ತಂದುದನ್ನು ಲಕ್ಕಮ್ಮ ತಾಯಿ ಹಿಂದಕ್ಕೆ ಕಳುಹಿಸಿದರು. ಕದ್ದಿಲ್ಲವೆಂಬ ಸಮಾಧಾನ ಆ ತಾಯಿಗೆ ಸಾಲಲಿಲ್ಲ. ಬೇರೊಬ್ಬನ ಅಜ್ಞಾನದಿಂದ ಬಂದ ಡಾಲರನ್ನು ಆಕೆ ದಾಸೋಹಕ್ಕೆ ಸ್ವೀಕರಿಸುತ್ತಿದ್ದರೆ?

ನಮ್ಮ ದೇಶದಲ್ಲಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆಯು ಇ-ಕ್ರೀಡೆಗೆ ಮಾನ್ಯತೆಯಿತ್ತು, ಹಣದಾಟವನ್ನು, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸಿದೆ. ಈ ವಿಂಗಡಣೆ ಮೆಚ್ಚತಕ್ಕದ್ದು. ಹಾಗಿರಲು ಮಗನ ಕೈಯಿಂದ ಆಟವನ್ನೇ ಕಿತ್ತುಕೊಳ್ಳುವ ತಂದೆಯ ಕೋಪ ಅತಿಯಾದುದು. ಅವನು ಬಲಾಬಲವನ್ನು ಅಳೆಯಲಿ. ಪಂದ್ಯಕ್ಕೆ ಮುನ್ನ ತನ್ನ ಊಹೆಯನ್ನು ಹಾಳೆಯ ಮೇಲೆ ಬರೆದು ಮಡಿಸಿಡಲಿ, ಆಟ ಮುಗಿದ ಮೇಲೆ ಮನೆಯವರ ಮುಂದೆ ಬಿಚ್ಚಿ ಓದಲಿ.