ಉಸಿರಿನ ಕಾಯಕ



ಲಿಂಗವನ್ನು ನಮ್ಮ ಹಿರಿಯರು ಮೂರು ನೆಲೆಗಳಲ್ಲಿ ಬೋಧಿಸಿದ್ದಾರೆ. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗ. ಇವುಗಳಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ನಿತ್ಯವೂ ಪೂಜಿಸುತ್ತೇವೆ. ಪ್ರಾಣಲಿಂಗದ ಮಾತನ್ನಾದರೋ ಷಟ್‌ಸ್ಥಲದ ಪಾಠದಲ್ಲಿ ಕೇಳಿ ಅಲ್ಲಿಯೇ ಬಿಟ್ಟು ಬರುತ್ತೇವೆ. ಎಡೆಬಿಡದೆ ಒಳಹೊರಗೆ ಸುಳಿಯುವ ಉಸಿರು ತಡವರಿಸಿದಾಗ ಮಾತ್ರ ಅದರ ನೆನಪಾಗುತ್ತದೆ.

ಮೈಸೂರು ನಗರದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಯಜಮಾನರಿಗೆ ಅರುವತ್ತೆಂಟು ವರ್ಷ. ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೀಡಿ ಸೇದುವುದು ನಲವತ್ತು ವರ್ಷಗಳ ರೂಢಿ. ಬಿಡದ ಕೆಮ್ಮಿಗೆ ಪರೀಕ್ಷೆ ಮಾಡಿಸಲಾಗಿ, ಎಡ ಶ್ವಾಸಕೋಶದ ಕೆಳಭಾಗದಲ್ಲಿ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ರೋಗವು ಬೇರೆಡೆಗೆ ಹರಡಿರಲಿಲ್ಲವಾದ ಕಾರಣ, ಕೆಳಗಿನ ಹಾಲೆಯೊಂದನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕೆಂದು ವೈದ್ಯರು ನಿಶ್ಚಯಿಸಿದರು.

ಆ ದಿನ ಬೆಳಗ್ಗೆ ದಾದಿ ಬಂದು, ಎದೆಯ ಮೇಲಿನ ಕರಡಿಗೆಯನ್ನು ತೆಗೆಯಬೇಕೆಂದಳು. ಹಿರಿಯರ ಮುಖ ಬಾಡಿತು. "ರೋಗಕ್ಕೆ ಅಂಜಲಿಲ್ಲ ಮಗು, ಲಿಂಗವನ್ನು ಅಗಲಿ ಹೇಗೆ ಮಲಗಲಿ?" ಎಂದರು. "ಅಪ್ಪಾಜಿ, ನೀವು ಕಣ್ಣು ತೆರೆಯುವವರೆಗೂ ನನ್ನ ಅಂಗೈಯಲ್ಲೇ ಇರುತ್ತದೆ, ಕೆಳಗಿಡುವುದಿಲ್ಲ" ಎಂದು ಮಗನು ಎರಡು ಕೈಯೊಡ್ಡಿ ತೆಗೆದುಕೊಂಡನು. ಇದು ಲಿಂಗವನ್ನು ತೊರೆದಂತಾಯಿತೆ? ಆಗಲಿಲ್ಲ. ಅಲಕ್ಷ್ಯದಿಂದ ತೊರೆಯುವುದು ಬೇರೆ, ಪ್ರಾಣರಕ್ಷಣೆಗಾಗಿ ಭಕ್ತಿಯಿಂದ ಒಪ್ಪಿಸುವುದು ಬೇರೆ. ಇಷ್ಟಲಿಂಗವು ಮಗನ ಕರಸ್ಥಲದಲ್ಲಿದ್ದ ಆ ಕೆಲವು ಗಂಟೆಗಳಲ್ಲಿ, ಯಂತ್ರದ ನೆರವಿನಿಂದ ನಡೆಯುತ್ತಿದ್ದ ತಂದೆಯ ಉಸಿರಿನೊಳಗೆ ಪ್ರಾಣಲಿಂಗವು ಇದ್ದೇ ಇತ್ತು.

ನಿಜವಾದ ಪರೀಕ್ಷೆ ಒದಗಿದುದು ಬಳಿಕ. ಪಕ್ಕೆಯಿಂದ ಹೊರಟ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿತ್ತು. ಎದೆಗೂಡಿನಲ್ಲಿ ಸೋರಿದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುವುದು. ಅದು ಹಿಂದಿರುಗದಂತೆ ನೀರು ತಡೆಯುವುದು. ಮರುದಿನವೇ ಹಿರಿಯರನ್ನು ಎಬ್ಬಿಸಿ ಕುಳ್ಳಿರಿಸಿದರು. ಮೂರು ಚೆಂಡುಗಳುಳ್ಳ ಒಂದು ಸಣ್ಣ ಉಪಕರಣವನ್ನು ಬಾಯಿಗಿತ್ತು, ಉಸಿರನ್ನು ನೀಳವಾಗಿ ಒಳಗೆಳೆದು ಚೆಂಡುಗಳನ್ನು ಮೇಲೇರಿಸಬೇಕೆಂದರು. ದಿಂಬನ್ನು ಎದೆಗೆ ಒತ್ತಿಹಿಡಿದು ಕೆಮ್ಮಬೇಕು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು ಎಂದರು. ಕಫವು ಒಳಗೇ ನಿಂತರೆ ಶ್ವಾಸಕೋಶ ಕುಗ್ಗಿ ನ್ಯುಮೋನಿಯ ಬರಬಹುದು. ಆಳವಾಗಿ ಉಸಿರಾಡಿದರೆ ಉಳಿದ ಹಾಲೆಯು ಅರಳಿ, ತೆರವಾದ ಎಡೆಯನ್ನು ತುಂಬುತ್ತ ಬರುವುದು.

ಹಿರಿಯರು ಒಂದು ಚೆಂಡನ್ನು ಅಲುಗಿಸುವಷ್ಟರಲ್ಲಿ ಬೆವತುಹೋದರು. ಮಗನಿಗೆ ಅದನ್ನು ನೋಡಲಾಗಲಿಲ್ಲ. "ಅಪ್ಪಾಜಿಗೆ ನೋವಾಗುತ್ತದೆ, ಇವತ್ತು ಬಿಟ್ಟುಬಿಡಿ" ಎಂದು ವ್ಯಾಯಾಮ ಮಾಡಿಸಲು ಬಂದವರನ್ನು ಹಿಂದಕ್ಕೆ ಕಳುಹಿದನು. ತುತ್ತನ್ನೂ ತಾನೇ ಉಣಿಸಿದನು. ಎದೆಯ ರೋಗಿಯನ್ನು ಅಲುಗಿಸಬಾರದೆಂಬ ಎಣಿಕೆ ನಮ್ಮ ಮನೆಗಳಲ್ಲಿ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ತೆರೆದಾಗ, ಕ್ಷಯವನ್ನು ಗುಣಪಡಿಸುವ ಮದ್ದು ಜಗತ್ತಿನಲ್ಲಿಯೇ ಇರಲಿಲ್ಲ. ವಿಶ್ರಾಂತಿ, ತಿಳಿಗಾಳಿ, ಪುಷ್ಟಿಯ ಆಹಾರ ಇವೇ ಅಂದಿನ ಚಿಕಿತ್ಸೆ. ಆ ಕಾಲಕ್ಕೆ ಅದು ಸರಿ. ಶಸ್ತ್ರಕ್ರಿಯೆಯಾದ ಎದೆಗಾದರೋ ಬರಿಯ ವಿಶ್ರಾಂತಿಯೇ ಅಪಾಯ.

ಇಲ್ಲಿ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನೆನೆಯಬೇಕು. ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಅನುಭಾವದ ಮಾತಿಗೆ ಮೈಮರೆತು ಕುಳಿತ ಪತಿಗೆ, ಕಾಯಕ ತಪ್ಪಿತೆಂದು ನೆನಪಿಸಿ ಎಬ್ಬಿಸಿದವಳು ಲಕ್ಕಮ್ಮ. ಅದೇ ಪತಿಯು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹಿಂದಿರುಗಿಸಿ ಬರುವಂತೆ ಹೇಳಿದವಳೂ ಆಕೆಯೇ. ಕಾಯಕವು ನಿಲ್ಲಲೂ ಬಾರದು, ಅಂದಂದಿನ ಅಳತೆಯನ್ನು ಮೀರಲೂ ಬಾರದು. ಹಾಸಿಗೆ ಹಿಡಿದವನಿಗೆ ಉಸಿರಾಟವೇ ಕಾಯಕ. ಇಂದು ಒಂದು ಚೆಂಡು, ನಾಳೆ ಎರಡು. ತಂದೆಯ ಕಾಯಕವನ್ನು ಮಗನು ಮಾಡಲಾರನು. ಅದನ್ನು ಕಸಿಯುವುದು ದಾಸೋಹವಲ್ಲ. ಬಳಿ ನಿಂತು, ಬೆನ್ನಿಗೆ ಕೈಯಿತ್ತು, "ಇನ್ನೊಂದು ಸಲ, ಅಪ್ಪಾಜಿ" ಎನ್ನುವುದೇ ದಾಸೋಹ. ನೋವಿನ ಮಾತ್ರೆಯನ್ನು ಬೇಡವೆನ್ನುವುದು ತಪಸ್ಸೆಂದು ಕೆಲವರು ತಿಳಿಯುವರು. ನೋವಿದ್ದರೆ ಉಸಿರು ಆಳಕ್ಕಿಳಿಯದು, ಕೆಮ್ಮು ಬಾರದು. ವೈದ್ಯನಿತ್ತ ಮದ್ದನ್ನು ಪ್ರಸಾದದಂತೆ ಸ್ವೀಕರಿಸಬೇಕು.

ಇನ್ನೊಂದು ಮಾತಿದೆ. ನೋಡಬಂದ ನೆಂಟರು "ಪೂರ್ವದ ಕರ್ಮ" ಎಂದರು. ಮಗನು ಬಾಯಿಬಿಟ್ಟು ಹೇಳದಿದ್ದರೂ "ಬೀಡಿಯ ಫಲ" ಎಂದು ಒಳಗೇ ಕುದಿದನು. ಬೀಡಿ ಈ ರೋಗಕ್ಕೆ ದೊಡ್ಡ ಕಾರಣವೆಂಬುದು ದಿಟ. ಎಂದೂ ಸೇದದವರಿಗೂ ಇದು ಬರುವುದೆಂಬುದೂ ದಿಟ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಎವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಈ ರೋಗಕ್ಕೆ ತುತ್ತಾದವರೊಬ್ಬರ ಎಡ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ಒಂದೇ ಶ್ವಾಸಕೋಶದಿಂದ ಆ ರೋಗಿಯು 1963ರವರೆಗೆ ಬಾಳಿದರು. ಗ್ರಹಾಂ ಅವರಿಗೋ ಸಿಗರೇಟಿನ ಚಟ. ಅದೇ ರೋಗಕ್ಕೆ ಮೂಲವೆಂಬುದನ್ನು ಮೊದಲು ನಂಬದೆ, 1950ರಲ್ಲಿ ತಾವೂ ಸೇರಿ ಪ್ರಕಟಿಸಿದ ಅಧ್ಯಯನದಿಂದ ಮನಗಂಡು ಅದನ್ನು ಬಿಟ್ಟರು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅಷ್ಟು ಬಲ್ಲವರಿಗೇ ಅರಿವು ತಡವಾಗಿ ಬಂದಿತೆಂದ ಮೇಲೆ, ಹಾಸಿಗೆಯಲ್ಲಿರುವ ತಂದೆಯ ಮುಂದೆ ಲೆಕ್ಕ ತೆಗೆಯಲು ನಾವಾರು? ಆ ಮಗನ ಜೇಬಿನಲ್ಲಿಯೂ ಸಿಗರೇಟಿನ ಪೊಟ್ಟಣವಿತ್ತು. ಅದನ್ನು ಎಸೆಯುವುದೇ ಅವನಿಗೆ ಉಳಿದಿದ್ದ ನುಡಿ, ಅವನು ಎಸೆದನು.

ಕೊಳವೆ ತೆಗೆದು, ಹೊಲಿಗೆ ಬಿಚ್ಚಿ, ಹಿರಿಯರು ಮನೆಗೆ ಬಂದರು. ಉಸಿರು ಪೂರ್ತಿ ತಿಳಿಯಾಗಲು ತಿಂಗಳುಗಳು ಬೇಕು. ಮತ್ತೆ ಮತ್ತೆ ಪರೀಕ್ಷೆಗೂ ಹೋಗಬೇಕು. ಮೈಸೂರಿನ ಊದುಬತ್ತಿ ನಾಡಿಗೆಲ್ಲ ಹೆಸರುವಾಸಿಯಾದರೂ ಆ ಮನೆಯ ಪೂಜೆಯಲ್ಲಿ ಅದನ್ನು ಹಚ್ಚುವುದನ್ನು ಸೊಸೆ ನಿಲ್ಲಿಸಿದಳು. "ಧೂಪವಿಲ್ಲದ ಪೂಜೆಯೇನಮ್ಮ?" ಎಂದು ಅತ್ತೆ ಕೇಳಲು, "ಮಾವನವರ ಉಸಿರೇ ಇಲ್ಲಿ ಧೂಪ, ಅತ್ತೆ" ಎಂದಳು.

ಹಿರಿಯರು ಅಂಗೈಯಲ್ಲಿ ಲಿಂಗವಿರಿಸಿ ದೃಷ್ಟಿ ನೆಟ್ಟು, ಮೆಲ್ಲನೆ ಉಸಿರೆಳೆದು ಮೆಲ್ಲನೆ ಬಿಡುತ್ತಾರೆ. ಕಲಿಸಿದುದು ಆಸ್ಪತ್ರೆ, ಆದರೆ ಈಗ ಅದು ಪೂಜೆಯೂ ಹೌದು. ಬಂಧುಗಳೇ, ಇಷ್ಟಲಿಂಗವನ್ನು ನೋಡುವಾಗ ನಡುವೆ ಸುಳಿಯುವ ಉಸಿರನ್ನೂ ನಾವು ಅರಿಯೋಣ. ರೋಗ ಬಂದು ಕಲಿಸುವವರೆಗೆ ಕಾಯಬೇಕಾಗಿಲ್ಲ.