ಯಾಣದ ಬಂಡೆ, ಮೊಮ್ಮಗಳ ಪ್ರಶ್ನೆ

ಶಿವರಾಮ ಕಾರಂತರು 1936ರಲ್ಲೇ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು, ಆಮೇಲೆ ನಿರಂಜನರ ‘ಜ್ಞಾನಗಂಗೋತ್ರಿ’ ಬಂತು. ಕಾಗಾಲದ ನಮ್ಮನೆ ಜಗಲಿಯಲ್ಲಿ ಅಂಥದೇ ಪುಸ್ತಕ ಹಿಡಿದು ಕೂತ ಮೊಮ್ಮಗಳು ಕೇಳಿದಳು: “ಅಜ್ಜಾ, ಭಸ್ಮಾಸುರ ಸುಟ್ಟು ಯಾಣದ ಬಂಡೆ ಕಪ್ಪಾಯ್ತು ಅಂತೀಯಲ್ಲ, ಅದು ಸುಣ್ಣಕಲ್ಲಂತೆ. ಯಾವುದು ಖರೆ?”

ಸುಣ್ಣಕಲ್ಲು ಅಂದೆ. ಅಘನಾಶಿನಿ ಹೊಳೆಯ ಬಳಚಿನ ಚಿಪ್ಪಿಗೆ ನಿಂಬೆಹುಳಿ ಹಿಂಡಿದೆ. ಹುಳಿ ಬಿದ್ದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಚಿಪ್ಪಿಯೂ ಬಂಡೆಯೂ ಮುಖ್ಯವಾಗಿ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಲೆಕ್ಕವಿಲ್ಲದಷ್ಟು ಮಳೆಗಾಲ ಕರಗಿಸಿ ಕೊರೆದು ಉಳಿಸಿದ್ದು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ.

“ಹಾಗಾದ್ರೆ ಕತೆ ಸುಳ್ಳಾ?”

ಐರ್ಲೆಂಡಿನ ಕಡಲಂಚಿನ ಕಲ್ಲುಕಂಬಗಳನ್ನು ದೈತ್ಯನೊಬ್ಬ ಕಟ್ಟಿದನೆಂದು ಅಲ್ಲಿಯವರೂ ಹೇಳುತ್ತಾರೆ. ಅದು ಲಾವಾ ತಣಿದು ಬಿರಿದ ಬಸಾಲ್ಟ್. ಭಸ್ಮಾಸುರನ ಕತೆಯ ಜೀವ ಇರುವುದು ಕಲ್ಲಿನಲ್ಲಲ್ಲ, ವರ ಸಿಕ್ಕವನ ಸೊಕ್ಕಿನಲ್ಲಿ. ಅಲ್ಲಿ ನಿಂಬೆಹುಳಿಯ ಪರೀಕ್ಷೆ ನಡೆಯದು. ಪುರಾಣದಲ್ಲೇ ಎಲ್ಲ ವಿಜ್ಞಾನ ಉಂಟು ಎನ್ನುವವರು ನನಗೆ ಸೇರುವುದಿಲ್ಲ. ಅವರು ಎರಡನ್ನೂ ಕೆಡಿಸುತ್ತಾರೆ. ಕತೆಯನ್ನೇ ಕಸಕ್ಕೆ ಎಸೆಯುವವರೂ ಅಷ್ಟೇ ಅವಸರದವರು.

ಹುಡುಗಿಗೆ ಸಮಾಧಾನವಾದಂತಿಲ್ಲ. ಶಿವರಾತ್ರಿಗೆ ಯಾಣದಲ್ಲಿ ಕೈ ಮುಗಿಯುವುದು ಕಲ್ಲಿಗೋ ಕತೆಗೋ ಅನ್ನುತ್ತಾಳೆ. ಅದು ಪುಸ್ತಕದ ಪ್ರಶ್ನೆಯಲ್ಲ, ನಿಂಬೆಹುಳಿಯದೂ ಅಲ್ಲ. ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.