ವಾದವೂ ವಿನಯವೂ

ಅರಿವನ್ನೇ ಗುರುವೆಂದು ನಂಬಿದ ಸಮಾಜಕ್ಕೆ ಪ್ರಶ್ನೆಯು ಪರಕೀಯವಾದುದಲ್ಲ. ಆದರೂ ಮನೆಯ ಮಗನಾಗಲಿ ಮಗಳಾಗಲಿ ಹಿರಿಯರ ಮಾತಿಗೆ ಆಧಾರವೇನೆಂದು ಕೇಳಿದಾಗ ತಂದೆತಾಯಿಗಳ ಮನಸ್ಸು ಕಸಿವಿಸಿಗೊಳ್ಳುವುದುಂಟು. ಕಾಲೇಜಿನಲ್ಲಿ ಕಲಿಯುವ ಸಂಶೋಧನೆಯನ್ನೂ ವಾದಸರಣಿಯನ್ನೂ ಪ್ರೌಢಶಾಲೆಯ ಮಕ್ಕಳಿಗೆ ಕಲಿಸುವುದು ಯೋಗ್ಯವೇ? ಎಳವೆಯಲ್ಲಿಯೇ ದೊರೆತ ವಾದಶಕ್ತಿಯು ವಿನಯವನ್ನು ಕೆಡಿಸುವುದೋ, ಸತ್ಯದ ದಾರಿಯನ್ನು ತೋರುವುದೋ? ಇದು ಕೇವಲ ಶಾಲೆಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು.

ನಮ್ಮ ದೇಶದಲ್ಲಿ ಈ ಪ್ರಯತ್ನವು ಹೊಸದೇನಲ್ಲ. 1993ರಲ್ಲಿ ಮೊದಲಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದವರಿಗಾಗಿ ಏರ್ಪಟ್ಟುದು. ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂದಿದೆ. ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಆರಿಸಿ, ಅಳೆದು, ಬರೆದು, ಬಲ್ಲವರ ಮುಂದೆ ಸಮರ್ಥಿಸಬೇಕು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿರುವ ಪುಂಜಾಲಕಟ್ಟೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಅಲ್ಲಿ ಪ್ರೌಢಶಾಲೆಯೂ ಪದವಿ ಕಾಲೇಜೂ ಒಂದೇ ಊರಿನಲ್ಲಿವೆ. ಸುತ್ತಲೂ ಅಡಕೆಯ ತೋಟಗಳಿವೆ. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವೇ ಅದಕ್ಕೆ ರೂಢಿಯ ಮದ್ದು. ಒಬ್ಬ ಕೃಷಿಕನು ಮದ್ದು ಬಿಟ್ಟರೂ ರೋಗ ಬಂದಿತೆಂದು ಹೇಳಿದರೆ, ಮದ್ದೇ ನಿರರ್ಥಕವೆಂದು ಊರೆಲ್ಲ ಆಡಿಕೊಳ್ಳಬಹುದು. ಪ್ರಮಾಣವನ್ನು ಅರಸಲು ಕಲಿತ ಹುಡುಗಿಯು ಅಷ್ಟಕ್ಕೆ ನಿಲ್ಲಳು. ಮಳೆ ಹಿಡಿಯುವ ಮೊದಲೇ ಬಿಟ್ಟರೋ, ಆಮೇಲೋ? ಸುಮಾರು ನಲವತ್ತೈದು ದಿನಗಳ ಮೇಲೆ ಎರಡನೆಯ ಸಲ ಬಿಟ್ಟರೋ? ಮದ್ದು ಬಿಡದ ತೋಟದಲ್ಲಿ ಎಷ್ಟು ಕಾಯಿ ಉದುರಿತು? ಹತ್ತು ತೋಟಗಳಲ್ಲಿ ವಿಚಾರಿಸಿ ಬರೆದಿಟ್ಟ ಮೇಲೆ, ತಾನು ಮೊದಲು ಊಹಿಸಿದುದೇ ತಪ್ಪೆಂದು ಅವಳಿಗೆ ತೋರಬಹುದು. ಅದನ್ನು ಅಳುಕದೆ ಹೇಳುವಲ್ಲಿ ವಿದ್ಯೆಯು ಶೀಲವಾಗಿ ಪರಿಣಮಿಸುವುದು.

ಆಕ್ಷೇಪಿಸುವವರ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ನಮ್ಮ ನ್ಯಾಯಶಾಸ್ತ್ರಕಾರರು ವಾದ, ಜಲ್ಪ, ವಿತಂಡ ಎಂದು ಮೂರನ್ನು ಬೇರ್ಪಡಿಸಿದ್ದಾರೆ. ಸತ್ಯವನ್ನು ತಿಳಿಯಲು ಮಾಡುವುದು ವಾದ; ಗೆಲ್ಲುವುದಕ್ಕಾಗಿ ಆಡುವುದು ಜಲ್ಪ; ತನ್ನದೇನನ್ನೂ ಸ್ಥಾಪಿಸದೆ ಪರರದನ್ನು ಕೆಡಹುವುದು ವಿತಂಡ. ಚರ್ಚಾಸ್ಪರ್ಧೆಯ ಬಹುಮಾನಕ್ಕಾಗಿ ಇಂದು ಒಂದು ಪಕ್ಷ, ನಾಳೆ ಇನ್ನೊಂದು ಪಕ್ಷ ಹಿಡಿಯುವುದನ್ನು ಮಾತ್ರ ಕಲಿತ ಬಾಲಕನು ಜಲ್ಪದಲ್ಲಿಯೇ ಪ್ರವೀಣನಾದಾನು. ಆದರೆ ಅದು ಕಲಿಸಿದುದರ ದೋಷವಲ್ಲ. ಅರ್ಧವನ್ನಷ್ಟೇ ಕಲಿಸಿದುದರ ದೋಷ.

ಪೂರ್ಣವಾಗಿ ಕಲಿಸುವ ಬಗೆಯು ಕಲ್ಯಾಣದ ಶರಣರಲ್ಲಿ ಕಾಣುತ್ತದೆ. ಷಟ್‌ಸ್ಥಲವನ್ನು ವ್ಯವಸ್ಥೆಗೊಳಿಸಿದ ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರು. ಹಿರಿಯರು ಅವರ ಅರಿವನ್ನು ಮನ್ನಿಸಿದರು. ತರುಣಿಯಾದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣವಾಗಿ ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ಸಾರುತ್ತದೆ. ಆಕೆ ಒಂದೊಂದು ಪ್ರಶ್ನೆಗೂ ಉತ್ತರವಿತ್ತಳು, ಸಭೆಯು ತಲೆಬಾಗಿತು. ಅಲ್ಲಿ ಸೋತವರಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಪ್ರಶ್ನಿಸಿ ಹಿಂದಿರುಗಿಸಲು ಹೇಳಿದಳು. ಪತಿಯು ಅದನ್ನು ಅವಮಾನವೆಂದು ಬಗೆಯಲಿಲ್ಲ. ಪ್ರಶ್ನಿಸುವ ಧೈರ್ಯಕ್ಕೂ ಒಪ್ಪಿಕೊಳ್ಳುವ ಧೈರ್ಯಕ್ಕೂ ಮನೆಯೇ ಮೊದಲ ಮಂಟಪವಾಯಿತು.

ವಚನದ ಅಂಕಿತವೂ ಒಂದು ಪಾಠವೇ ಆಗಿದೆ. ಗುಹೇಶ್ವರ ಎಂದರೆ ಅಲ್ಲಮರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಯಾರ ನುಡಿಯೆಂಬುದು ನುಡಿಯಲ್ಲಿಯೇ ತಿಳಿಯುವುದು. ಪರರ ಬರಹವನ್ನು ತನ್ನದೆಂದು ಒಪ್ಪಿಸುವುದು ಕಳವೆಂದು ಮಕ್ಕಳಿಗೆ ತಿಳಿಯಪಡಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತವಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅವರು ಕೇಳಿದುದನ್ನೇ ನಂಬಿ ಕುಳಿತಿದ್ದರೆ ಅನೇಕ ಶರಣರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ಭಕ್ತಿಯು ಸಂಶೋಧನೆಗೆ ಅಡ್ಡಿಯಾಗಲಿಲ್ಲ. ಭಕ್ತಿಯೇ ಅವರನ್ನು ಸಂಶೋಧನೆಗೆ ತೊಡಗಿಸಿತು.

ಆದುದರಿಂದ ಕಲಿಸಬೇಕೇ ಎಂಬುದಕ್ಕಿಂತ, ಕಲಿತವರ ಪ್ರಶ್ನೆಯನ್ನು ಸಹಿಸಲು ಹಿರಿಯರು ಸಿದ್ಧರಿದ್ದಾರೆಯೇ ಎಂಬುದೇ ಕಷ್ಟದ ಪ್ರಶ್ನೆ. ತೋಟದ ರೋಗದ ಬಗೆಗೆ ಆಧಾರ ಕೇಳಿದ ಮಗುವು ನಾಳೆ ಮದುವೆಯ ದುಂದುವೆಚ್ಚಕ್ಕೂ, ಉಪಪಂಗಡದ ಭೇದಕ್ಕೂ ಆಧಾರ ಕೇಳುವುದು. ಆಗ ಗದರಿಸಿ ಬಾಯಿ ಮುಚ್ಚಿಸುವ ಗೃಹಸ್ಥನು ಮಗುವಿಗೆ ವಿನಯವನ್ನು ಕಲಿಸಿದಂತಾಗದು, ಭಯವನ್ನು ಕಲಿಸಿದಂತಾಗುವುದು. ಇದ್ದ ಆಧಾರವನ್ನು ತೋರಿಸಲಿ, ಇಲ್ಲದಿದ್ದರೆ ಇಲ್ಲವೆನ್ನಲಿ. ಮಗುವೂ ತನ್ನ ಮಾತನ್ನು ಅದೇ ಒರೆಗಲ್ಲಿಗೆ ಹಚ್ಚಲಿ. ಮೊದಲು ತನ್ನನ್ನು ತಾನು ಪ್ರಶ್ನಿಸಿಕೊಂಡವನಿಗೆ ಮಾತ್ರ ಅನ್ಯರನ್ನು ಪ್ರಶ್ನಿಸುವ ಅಧಿಕಾರವುಂಟು. ಹಿರಿಯರಿಗೂ ಕಿರಿಯರಿಗೂ ಈ ನಿಯಮವು ಒಂದೇ ಆಗಿರುವಲ್ಲಿ ವಾದವೂ ವಿನಯವೂ ಬೇರೆಯಾಗವು.